ಅಪ್ಪ ಹುಟ್ಟಿದ ವರ್ಷ ಹಿಮ ಇಲ್ಲಿತ್ತು

ಕೆನಡಾದ ರಾಕಿ ಪರ್ವತಗಳನ್ನು ನೋಡಲು ಹೋಗುವವರು ಸಾಮಾನ್ಯವಾಗಿ ಕಾರಿನಲ್ಲೇ ಹೋಗುತ್ತಾರೆ. ನನ್ನ ಮಗನಿಗೂ ಅದೇ ಆಸೆ ಇತ್ತು. "ಕಾರು ಓಡಿಸುವವನಿಗೆ ಬೆಟ್ಟ ಎಲ್ಲಿ ಕಾಣುತ್ತೆ? ರಸ್ತೆ ಮಾತ್ರ ಕಾಣುತ್ತೆ" ಎಂದು ಸೊಸೆ ಅಂದಳು. ಆ ಮಾತು ನನಗೂ ಸರಿಯೆನಿಸಿತು. ಹಾಗಾಗಿ 2025ರ ಜುಲೈನಲ್ಲಿ ಮಗ, ಸೊಸೆ, 10 ವರ್ಷದ ಮೊಮ್ಮಗಳು ಪುಟ್ಟಿ ಮತ್ತು ನಾನು, ಕ್ಯಾಲ್ಗರಿ ನಗರದಿಂದ ನಾಲ್ಕು ದಿನದ ಬಸ್ ಪ್ರವಾಸಕ್ಕೆ ಹೊರಟೆವು. ಬ್ಯಾನ್ಫ್ ಮತ್ತು ಜಾಸ್ಪರ್ ಎಂಬ ಎರಡು ರಾಷ್ಟ್ರೀಯ ಉದ್ಯಾನಗಳನ್ನು ದಾಟಿ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುವ ಪ್ರವಾಸ ಅದು.

ಬಸ್ಸು ಸಣ್ಣದು, ಇಪ್ಪತ್ತು ಜನ. ಚಾಲಕನೇ ಗೈಡು. ಅರವತ್ತು ದಾಟಿದ ಬಿಳಿ ಮೀಸೆಯ ಮನುಷ್ಯ, ಮಾತು ಕಡಿಮೆ. ಹೊರಡುವ ಮೊದಲೇ ಮೂರು ನಿಯಮ ಹೇಳಿಬಿಟ್ಟ. ಪ್ರಾಣಿ ಕಂಡರೆ ಕೂಗಬಾರದು. ಅವನು ಹೇಳುವವರೆಗೆ ಯಾರೂ ಬಸ್ಸಿನಿಂದ ಇಳಿಯಬಾರದು. ತಿನ್ನುವ ವಸ್ತುವಿನ ಒಂದು ಚೂರೂ ಹೊರಗೆ ಬೀಳಬಾರದು. ಈ ನಿಯಮಗಳು ನಮ್ಮ ಬಂಡೀಪುರದಲ್ಲೂ ಇವೆ. ಕೇಳುವವರು ಕಡಿಮೆ, ಅಷ್ಟೆ.

ಬ್ಯಾನ್ಫ್ ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನ. 1883ರಲ್ಲಿ ರೈಲು ಹಳಿ ಹಾಕುತ್ತಿದ್ದ ಕೂಲಿಯವರಿಗೆ ಅಲ್ಲಿನ ಬೆಟ್ಟದ ಬುಡದಲ್ಲಿ ಬಿಸಿನೀರಿನ ಬುಗ್ಗೆ ಸಿಕ್ಕಿತಂತೆ. ಅದು ತಮ್ಮದು, ತಮ್ಮದು ಎಂದು ಜಗಳ ಶುರುವಾಗಿ, ಕೊನೆಗೆ 1885ರಲ್ಲಿ ಸರ್ಕಾರವೇ ಆ ಜಾಗವನ್ನು ಕಾಯ್ದಿರಿಸಿತು. ಉದ್ಯಾನ ಬೆಳೆದದ್ದು ಅಲ್ಲಿಂದ.

ಉದ್ಯಾನದ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಪುಟ್ಟಿ ನನ್ನ ಕೈ ಜಗ್ಗಿದಳು. "ಅಜ್ಜಿ, ನೋಡು! ಸೇತುವೆ ಮೇಲೆ ಕಾಡು ಬೆಳೆದಿದೆ!"

ನಿಜಕ್ಕೂ ಹಾಗೇ ಇತ್ತು. ನಾಲ್ಕು ಪಥದ ಹೆದ್ದಾರಿಯ ಮೇಲೆ ಕಮಾನಿನಂತೆ ಒಂದು ಅಗಲವಾದ ಸೇತುವೆ. ಅದರ ಮೇಲೆ ಮಣ್ಣು, ಹುಲ್ಲು, ಪೊದೆ, ಪೈನ್ ಮರ. ಅದು ಜನರಿಗಲ್ಲ, ವಾಹನಗಳಿಗೂ ಅಲ್ಲ, ಪ್ರಾಣಿಗಳಿಗೆ. ರಸ್ತೆಯ ಎರಡೂ ಕಡೆ ಆಳೆತ್ತರಕ್ಕಿಂತ ಹೆಚ್ಚಿನ ಬೇಲಿ ಹಾಕಿದ್ದಾರೆ. ಬೇಲಿಯ ಗುಂಟ ನಡೆದು ಬಂದ ಪ್ರಾಣಿಗೆ ದಾಟಲು ಮೇಲ್ಸೇತುವೆ ಇಲ್ಲವೇ ನೆಲದಡಿಯ ದಾರಿ ಸಿಗುತ್ತದೆ. ಬ್ಯಾನ್ಫ್‌ನಲ್ಲಿ ಇಂಥ 6 ಮೇಲ್ಸೇತುವೆ, 38 ಕೆಳದಾರಿಗಳಿವೆ. ಇವು ಬಂದ ಮೇಲೆ ವಾಹನಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳ ಸಂಖ್ಯೆ ಶೇ 80ಕ್ಕಿಂತಲೂ ಹೆಚ್ಚು ಇಳಿದಿದೆ.

"ಕರಡಿಗೆ ಹೇಗೆ ಗೊತ್ತಾಗುತ್ತೆ, ಇದು ನಂಗೆ ಅಂತ?" ಪುಟ್ಟಿಯ ಪ್ರಶ್ನೆ. ಗೈಡಿಗೆ ಖುಷಿಯಾಯಿತು. ಎಲ್ಕ್ ಎಂಬ ನಮ್ಮ ಕಡವೆಯಂಥ ಪ್ರಾಣಿ, ಸೇತುವೆ ಕಟ್ಟುತ್ತಿರುವಾಗಲೇ ದಾಟಲು ಶುರುಮಾಡಿತ್ತಂತೆ. ಗ್ರಿಝ್ಲಿ ಕರಡಿ ಮಾತ್ರ ನಂಬಲು ವರ್ಷಗಟ್ಟಲೆ ತೆಗೆದುಕೊಂಡಿತು. ಈಗ ತಾಯಿ ಕರಡಿಗಳು ಮರಿಗಳನ್ನು ಹಿಂದಿಟ್ಟುಕೊಂಡು ದಾಟುವುದು ಕ್ಯಾಮೆರಾಗಳಲ್ಲಿ ಸಿಕ್ಕಿದೆ. ನನಗೆ ನಮ್ಮ ಬಂಡೀಪುರದ ಹೆದ್ದಾರಿ ನೆನಪಾಯಿತು. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಇವರು ಪ್ರಾಣಿಗಳಿಗೆ ಸೇತುವೆ ಕೊಟ್ಟರು, ನಾವು ರಾತ್ರಿಯನ್ನು ಕೊಟ್ಟೆವು. ಎರಡರಲ್ಲಿ ನಮ್ಮದೇ ದೊಡ್ಡ ದಾನ ಎಂದು ನನ್ನ ಅಭಿಪ್ರಾಯ. ಮಗ ಒಪ್ಪಲಿಲ್ಲ. ಆ ವಾದ ಬ್ಯಾನ್ಫ್ ಊರು ಬರುವವರೆಗೂ ನಡೆಯಿತು.

ಊರಿನಲ್ಲಿ ಇನ್ನೊಂದು ಸೋಜಿಗ ಕಸದ ಡಬ್ಬಿ. ದಪ್ಪ ಕಬ್ಬಿಣದ ಪೆಟ್ಟಿಗೆ. ಹಿಡಿಕೆಯ ಸಂದಿಯೊಳಗೆ ಬೆರಳು ತೂರಿಸಿ ಒಳಗಿನ ಚಿಲಕ ಒತ್ತಿದರೆ ಮಾತ್ರ ಮುಚ್ಚಳ ತೆರೆಯುತ್ತದೆ. ಕರಡಿಯ ದಪ್ಪ ಪಂಜ ಆ ಸಂದಿಯಲ್ಲಿ ಹೋಗುವುದಿಲ್ಲ. ಒಮ್ಮೆ ಊರಿನ ಅನ್ನದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗಿ ಬರುತ್ತದೆ. ನಮ್ಮ ಘಟ್ಟದ ದಾರಿಯಲ್ಲಿ ಮಂಗಗಳಿಗೆ ಬಾಳೆಹಣ್ಣು ಎಸೆಯುವವರಿಗೆ ಈ ಡಬ್ಬಿಯನ್ನೊಮ್ಮೆ ತೋರಿಸಬೇಕು. ನಾನು ಕಟ್ಟಿಕೊಂಡು ಹೋಗಿದ್ದ ಚಪಾತಿ, ಚಟ್ನಿಪುಡಿ, ಪುಳಿಯೋಗರೆಯನ್ನು ಬಸ್ಸಿನೊಳಗೇ ತಿಂದು, ಎಣ್ಣೆ ಹತ್ತಿದ ಕಾಗದವನ್ನು ಪುಟ್ಟಿಯೇ ಡಬ್ಬಿಗೆ ಹಾಕಿ ಬಂದಳು. ಚಿಲಕ ಒತ್ತುವ ಆಸೆಗೆ ಇನ್ನೆರಡು ಸಲವೂ ಹೋಗಿಬಂದಳು.

ಲೂಯಿಸ್ ಸರೋವರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೀರು ಚೆನ್ನಾಗಿದೆ, ಜಾತ್ರೆಯಷ್ಟು ಜನ. ವಿಕ್ಟೋರಿಯಾ ರಾಣಿಯ ಮಗಳ ಹೆಸರು ಅದಕ್ಕೆ. ಆ ನೀರಿನ ಬಣ್ಣದ ಗುಟ್ಟು ಮಾತ್ರ ಹೇಳಲೇಬೇಕು. ಬೆಟ್ಟದ ಮೇಲಿನ ಹಿಮನದಿ ಜಾರುವಾಗ ತನ್ನ ಅಡಿಯ ಬಂಡೆಯನ್ನು ಬೀಸುವ ಕಲ್ಲಿನಂತೆ ಅರೆಯುತ್ತದೆ. ಆ ಕಲ್ಲಿನ ಹಿಟ್ಟು ಎಷ್ಟು ನಯವೆಂದರೆ ನೀರಿನಲ್ಲಿ ಮುಳುಗದೆ ತೇಲಾಡುತ್ತಿರುತ್ತದೆ. ಬಿಸಿಲು ಬಿದ್ದಾಗ ಅದೇ ಆ ನೀಲಿ ಹಸಿರು ಬಣ್ಣವಾಗಿ ನಮಗೆ ಕಾಣುತ್ತದೆ.

ಅಲ್ಲಿಂದ ಜಾಸ್ಪರ್‌ವರೆಗಿನ ಸುಮಾರು 230 ಕಿಲೋಮೀಟರ್ ದಾರಿಗೆ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಎಂದು ಹೆಸರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ಕೂಲಿ ಕೊಟ್ಟು ಕಟ್ಟಿಸಿದ ರಸ್ತೆ ಇದು, 1940ರಲ್ಲಿ ತೆರೆಯಿತು. ದಾರಿಯಲ್ಲಿ ಬರುವ ಬೋ ಕಣಿವೆ ಮಾರ್ಗ 2,000 ಮೀಟರಿಗಿಂತ ಎತ್ತರದಲ್ಲಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ ಬಸ್ಸು ಹೋಗುತ್ತಿತ್ತು. ಸುತ್ತಲಿನ ಶಿಖರಗಳು ಅಲ್ಲಿಂದಲೂ ತಲೆ ಎತ್ತಿಯೇ ನೋಡುವಷ್ಟು ಮೇಲಿದ್ದವು.

ಮೂರನೇ ದಿನದ ಮಧ್ಯಾಹ್ನ ಅಥಬಾಸ್ಕಾ ಹಿಮನದಿಯ ಬುಡಕ್ಕೆ ಬಂದೆವು. ಕೊಲಂಬಿಯಾ ಐಸ್‌ಫೀಲ್ಡ್ ಎಂಬ ದೊಡ್ಡ ಹಿಮದ ಬಯಲಿನಿಂದ ಕೆಳಕ್ಕೆ ಚಾಚಿದ ಒಂದು ನಾಲಿಗೆ ಅದು, ಸುಮಾರು 6 ಕಿಲೋಮೀಟರ್ ಉದ್ದ. ದೊಡ್ಡ ಚಕ್ರದ ಗಾಡಿಯಲ್ಲಿ ಹಿಮದ ಮೇಲೇ ಹೋಗುವ ಏರ್ಪಾಡೂ ಇದೆ. ನಮ್ಮ ಗೈಡು, "ಕಾಲು ಗಟ್ಟಿ ಇದ್ದವರು ನನ್ನ ಜೊತೆ ನಡೆದು ಬನ್ನಿ, ನಿಮಗೆ ಬೇರೆಯದೇ ಕಾಣುತ್ತದೆ" ಅಂದ. ಮಂಡಿನೋವು ಇದ್ದರೂ ನಾನು ಹೊರಟೆ.

ಕಲ್ಲು ಜಲ್ಲಿಯ ಏರುದಾರಿ. ಹುಲ್ಲಿಲ್ಲ, ಮರವಿಲ್ಲ. ಎದುರಿಗೆ ಹಿಮದಿಂದ ಬೀಸುವ ಗಾಳಿ, ಜುಲೈ ತಿಂಗಳಲ್ಲೂ ಶಾಲನ್ನು ಕಿವಿಗೆ ಸುತ್ತಿಕೊಳ್ಳುವಷ್ಟು ಚಳಿ. ದಾರಿಯ ಪಕ್ಕದಲ್ಲಿ ಅಲ್ಲಲ್ಲಿ ಬರಿಯ ಇಸವಿ ಬರೆದ ಫಲಕಗಳು. ಆ ವರ್ಷ ಹಿಮದ ತುದಿ ಅಲ್ಲಿತ್ತು ಎಂದು ಅರ್ಥ. ಒಂದರಲ್ಲಿ 1942 ಎಂದಿತ್ತು. ಚಲೇಜಾವ್ ಚಳವಳಿಯ ವರ್ಷ. ನಮ್ಮಪ್ಪ ಆಗ ಶಾಲೆಗೆ ಹೋಗುವ ಹುಡುಗ. ಬಹಳ ದೂರ ಏರಿದ ಮೇಲೆ ಪುಟ್ಟಿ ಮುಂದಕ್ಕೆ ಓಡಿ ಒಂದು ಫಲಕದ ಹತ್ತಿರ ನಿಂತು ಕೂಗಿದಳು. "ಅಪ್ಪಾ, 1982! ನೀನು ಹುಟ್ಟಿದ ವರ್ಷ ಹಿಮ ಇಲ್ಲಿತ್ತು!"

ಮಗ ಹೋಗಿ ಫಲಕದ ಪಕ್ಕದಲ್ಲಿ ನಿಂತ. ಸೊಸೆ ಫೋಟೊ ತೆಗೆದಳು. ನಾನು ಮುಂದೆ ನೋಡಿದೆ. ಹಿಮ ಕಾಣುತ್ತಿತ್ತು, ಆದರೆ ದೂರದಲ್ಲಿ. ಪುಟ್ಟಿ ಅಪ್ಪನಿಂದ ಹಿಮದವರೆಗೆ ಹೆಜ್ಜೆ ಎಣಿಸುತ್ತೇನೆಂದು ಹೊರಟಳು. 1992ರ ಫಲಕ ದಾಟಿತು. ಎಣಿಕೆ ಆರುನೂರರ ಹತ್ತಿರ ತಪ್ಪಿಹೋಯಿತು. ಆಮೇಲೂ ನಡೆಯುವುದಿತ್ತು. ಕೊನೆಗೆ ಒಂದು ಹಗ್ಗ ಅಡ್ಡ ಬಂತು. ಅದರಾಚೆ ಕರಗಿದ ನೀರಿನ ಬೂದು ಬಣ್ಣದ ಹೊಂಡ, ಅದರ ಹಿಂದೆ ಹಿಮ. ಹಗ್ಗ ದಾಟುವಂತಿಲ್ಲ. ಹಿಮದಲ್ಲಿ ಮೇಲಿನಿಂದ ಕಾಣದ ಆಳವಾದ ಬಿರುಕುಗಳಿರುತ್ತವೆ. ಬಿದ್ದವರನ್ನು ಎತ್ತುವುದೇ ಕಷ್ಟ.

"ಹಿಮ ಹಿಂದಕ್ಕೆ ನಡೆಯುತ್ತಾ?" ಎಂದಳು ಪುಟ್ಟಿ.

ಇಲ್ಲ, ಹಿಮ ಯಾವಾಗಲೂ ಕೆಳಕ್ಕೇ ಜಾರುತ್ತದೆ ಎಂದ ಗೈಡು. ಮೇಲೆ ಬಿದ್ದ ಮಂಜು ಒತ್ತಿ ಒತ್ತಿ ಗಡ್ಡೆಯಾಗಿ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಮೇಲಿನಿಂದ ಬರುವುದಕ್ಕಿಂತ ತುದಿಯಲ್ಲಿ ಕರಗುವುದು ಹೆಚ್ಚಾದರೆ ತುದಿ ಹಿಂದೆ ಸರಿಯುತ್ತದೆ. ಪಿಂಚಣಿಗಿಂತ ಖರ್ಚು ಹೆಚ್ಚಾದ ಹಾಗೆ ಎಂದು ನಾನು ಕನ್ನಡದಲ್ಲಿ ಅವಳಿಗೆ ಬಿಡಿಸಿ ಹೇಳಿದೆ. 1840ರ ದಶಕದಲ್ಲಿ ಈ ಹಿಮ, ಈಗ ನಮ್ಮ ಬಸ್ಸು ಬಂದ ಹೆದ್ದಾರಿಯವರೆಗೂ ಇತ್ತು. ಕಳೆದ 125 ವರ್ಷಗಳಲ್ಲಿ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಹಿಂದೆ ಸರಿದಿದೆ, ಅರ್ಧಕ್ಕಿಂತ ಹೆಚ್ಚು ಹಿಮ ಕಳೆದುಕೊಂಡಿದೆ.

ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಾನು ನಿನ್ನ ಹಾಗೆ ಅಜ್ಜಿ ಆದಾಗ ಎಲ್ಲಿರುತ್ತೆ?"

ನಾನು ಗೈಡಿನ ಮುಖ ನೋಡಿದೆ. ಅವನು ಮಕ್ಕಳಿಗೆಂದು ಮಾತು ತಿರುಚುವವನಲ್ಲ. ಈ ಶತಮಾನ ಮುಗಿಯುವುದರೊಳಗೆ ರಾಕಿ ಪರ್ವತದ ಹಿಮನದಿಗಳಲ್ಲಿ ಬಹುಪಾಲು ಉಳಿಯಲಾರದು ಎಂಬುದು ವಿಜ್ಞಾನಿಗಳ ಲೆಕ್ಕ ಎಂದ. ಭೂಮಿ ಎಷ್ಟು ಬಿಸಿಯಾಗುತ್ತದೆ ಎನ್ನುವುದರ ಮೇಲೆ ಹೋಗುತ್ತದೆ ಎಂದೂ ಸೇರಿಸಿದ. ಪುಟ್ಟಿಯ ಕೆಳತುಟಿ ಮುಂದೆ ಬಂತು. ಹಿಮ ನೋಡಲು ಬಂದ ಮಗು ಹಿಮಕ್ಕಾಗಿ ಅಳುವ ಹಾಗಾಯಿತು.

ಇಳಿಯುವಾಗ ಅವಳ ಕೈ ನನ್ನ ಕೈಯಲ್ಲಿತ್ತು. ಈ ಹಿಮದ ಬಯಲಿನ ನೀರು ಮೂರು ಕಡೆ ಹರಿಯುತ್ತದೆ: ಅಥಬಾಸ್ಕಾ ನದಿಯ ನೀರು ಆರ್ಕ್ಟಿಕ್ ಸಾಗರಕ್ಕೆ, ಉತ್ತರ ಸಾಸ್ಕಾಚೆವಾನ್ ನದಿಯದು ಹಡ್ಸನ್ ಕೊಲ್ಲಿಗೆ, ಕೊಲಂಬಿಯಾ ನದಿಯದು ಪೆಸಿಫಿಕ್ ಸಾಗರಕ್ಕೆ. ನಮ್ಮಲ್ಲೂ ಅಂಥ ಜಾಗವಿದೆ ಎಂದು ನಾನು ಹೇಳತೊಡಗಿದೆ. ಕುದುರೆಮುಖದ ಕಾಡಿನ ಗಂಗಾಮೂಲ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವುದು ಅಲ್ಲಿ ಎಂದು ನಮ್ಮ ಕಡೆ ಹೇಳುತ್ತಾರೆ. ಇಬ್ಬರು ಸೇರಿ ಪೂರ್ವದ ಕಡಲಿಗೆ, ಒಬ್ಬಳು ಪಶ್ಚಿಮದ ಕಡಲಿಗೆ.

"ಅಲ್ಲೂ ಹಿಮ ಇದೆಯಾ?"

"ಇಲ್ಲ. ಹುಲ್ಲಿನ ಗುಡ್ಡ, ಅದರ ಸಂದಿಯಲ್ಲಿ ಶೋಲ ಕಾಡು. ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತೆ."

"ಅದೂ ಹೋಗಿಬಿಡುತ್ತಾ?"

ಅಲ್ಲಿ ಬೆಟ್ಟ ಅಗೆದು ಕಬ್ಬಿಣದ ಅದಿರು ತೆಗೆಯುತ್ತಿದ್ದುದನ್ನು ಹೇಳಿದೆ. ಕಾಡಿನ ಮೇಲೆ ಪ್ರೀತಿ ಇದ್ದವರು ಕೋರ್ಟಿಗೆ ಹೋದದ್ದನ್ನು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತದ್ದನ್ನು ಹೇಳಿದೆ. ಅದರಿಂದ ಕೆಲಸ ಕಳೆದುಕೊಂಡವರೂ ಇದ್ದರು ಎಂಬುದನ್ನು ಬಿಡಲಿಲ್ಲ. "ನಿಲ್ಲಿಸಿದರಾ?" ಎಂದು ಅವಳು ಎರಡು ಸಲ ಕೇಳಿದಳು. ನಿಲ್ಲಿಸಿದರು ಎಂದು ನಾನೂ ಎರಡು ಸಲ ಹೇಳಿದೆ.

ಜಾಸ್ಪರ್ ತಲುಪಿದಾಗ ಗಂಟೆ ಎಂಟು, ಹಾಡಹಗಲಿನಂಥ ಬೆಳಕು. ಆ ದಿನಗಳಲ್ಲಿ ಅಲ್ಲಿ ಕತ್ತಲಾಗುವುದು ರಾತ್ರಿ ಹತ್ತರ ಮೇಲೆ. ದೀಪ ಹಚ್ಚುವ ಹೊತ್ತು ಯಾವುದೆಂದು ನನಗೆ ಅಲ್ಲಿ ಕೊನೆಯವರೆಗೂ ತಿಳಿಯಲಿಲ್ಲ. ಜಾಸ್ಪರ್ ಉದ್ಯಾನ ಸುಮಾರು 11,000 ಚದರ ಕಿಲೋಮೀಟರ್, ಹನ್ನೆರಡು ಬಂಡೀಪುರ ಸೇರಿಸಿದರೂ ಅಷ್ಟಾಗದು. ಅದರ ಹೊಟ್ಟೆಯಲ್ಲಿರುವ ಪುಟ್ಟ ಊರಿಗೆ 2024ರ ಜುಲೈನಲ್ಲಿ ಕಾಡುಕಿಚ್ಚು ನುಗ್ಗಿತ್ತು. ಊರಿನ ಸುಮಾರು ಮೂರನೇ ಒಂದು ಭಾಗದ ಕಟ್ಟಡಗಳು ಸುಟ್ಟವು. ನಾವು ಹೋದಾಗಲೂ ಬರಿಯ ಅಡಿಪಾಯ ಉಳಿದ ನಿವೇಶನಗಳಿದ್ದವು, ಪಕ್ಕದಲ್ಲೇ ಸುತ್ತಿಗೆಯ ಸದ್ದೂ ಇತ್ತು. ಊರಾಚೆ ಬೆಟ್ಟದ ತುಂಬ ಕರಿಯ ಕಡ್ಡಿಗಳಂತೆ ನಿಂತ ಮರಗಳು.

ಗೈಡು ಅಲ್ಲಿ ಬಸ್ಸು ನಿಲ್ಲಿಸಿ ನೆಲದ ಮೇಲೆ ಬಿದ್ದಿದ್ದ ಒಂದು ಪೈನ್ ಕಾಯಿಯನ್ನು ಪುಟ್ಟಿಯ ಅಂಗೈಗೆ ಇಟ್ಟ. ಲಾಡ್ಜ್‌ಪೋಲ್ ಪೈನ್ ಎಂಬ ಈ ಮರದ ಕಾಯಿಗಳು ಅಂಟಿನಿಂದ ಮೊಹರು ಹಾಕಿದಂತೆ ಮುಚ್ಚಿರುತ್ತವೆ. ಬೆಂಕಿಯ ಕಾವಿಗೆ ಅಂಟು ಕರಗಿ ಕಾಯಿ ಬಿರಿದು ಬೀಜ ಉದುರುತ್ತದೆ. ಬೂದಿಯ ನಡುವೆ ಆಗಲೇ ಗುಲಾಬಿ ಬಣ್ಣದ ಫೈರ್‌ವೀಡ್ ಹೂಗಳು ಬಿಟ್ಟಿದ್ದವು. ಕಾಯಿಯನ್ನು ಮನೆಗೆ ಒಯ್ಯಬಹುದೇ ಎಂದಳು ಪುಟ್ಟಿ. ರಾಷ್ಟ್ರೀಯ ಉದ್ಯಾನದಿಂದ ಕಲ್ಲು, ಹೂವು, ಕಾಯಿ ಏನನ್ನೂ ಒಯ್ಯುವಂತಿಲ್ಲ. ಅವಳು ಅದನ್ನು ಬಗ್ಗಿ, ಬಿರಿದ ಭಾಗ ಕೆಳಗಾಗುವಂತೆ, ಜೋಪಾನವಾಗಿ ಮಣ್ಣಿನ ಮೇಲಿಟ್ಟಳು.

ಮರುದಿನ ಬೆಳಿಗ್ಗೆ ಹೊರಟ ಐದೇ ನಿಮಿಷಕ್ಕೆ ಬಸ್ಸು ನಿಂತಿತು. ರಸ್ತೆಯ ನಡುವೆ ಒಂದು ಹೆಣ್ಣು ಎಲ್ಕ್. ಹಿಂದೆ ಚರಂಡಿಯ ಆಚೆ ಅದರ ಮರಿ, ದಾಟಲೋ ಬೇಡವೋ ಎಂದು ನಿಂತಿದೆ. ಗೈಡು ಇಂಜಿನ್ ಆರಿಸಿದ. ನಮ್ಮ ಹಿಂದೆ ನಾಲ್ಕು ಕಾರು, ಒಂದು ಲಾರಿ ಬಂದು ನಿಂತವು. ಯಾರೂ ಹಾರನ್ ಮಾಡಲಿಲ್ಲ. ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕೂತಿದ್ದಳು. ಇಪ್ಪತ್ತು ನಿಮಿಷವಾದ ಮೇಲೆ ಮರಿ ಚರಂಡಿ ಹಾರಿ ಬಂತು. ತಾಯಿ ಅದನ್ನು ಮುಂದೆ ಬಿಟ್ಟುಕೊಂಡು ಪೊದೆಯೊಳಗೆ ಹೋಯಿತು.