ರೊಟ್ಟಿ ಮೂರು ತುಂಡು

ಅಕ್ಕಾರ, ತಂಗೇರ, ಹೋದ ತಿಂಗಳು ಯಾಕ ಏನೂ ಬರೀಲಿಲ್ಲ ಅಂತ ಕೇಳಿದ್ರಿ. ಮಗಳ ಪರೀಕ್ಷೆ ಇತ್ರಿ. ಆಕಿ ವಿಮಾನ ಹಾರಸೋದು ಕಲಿಯಾಕತ್ತಿದ್ದು ನಿಮಗ ಗೊತ್ತದ. ಪಾಸಾಗಾಕ ನೂರಕ್ಕ 70 ಬೇಕು. ಒಮ್ಮೆ 66ಕ್ಕ ನಿಂತಿತ್ತು. ಯರಗೇರಾದ ಹೊಲ ಒತ್ತಿ ಇಟ್ಟು ಫೀಸು ಕಟ್ಟೀವಿ. ಆಕಿ ಅಪ್ಪ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಆದ್ರ ಆ ಹೊಲದ ದಾರಿ ಹಿಡಿಯೋದ ಬಿಟ್ಟುಬಿಟ್ರು.

ಆಕಿಗೆ ತಪ್ಪತಿದ್ದದ್ದು ಹೋಲ್ಡಿಂಗ್ ಲೆಕ್ಕ. ಹವಾ ಸರಿ ಇರಲಿಲ್ಲಂದ್ರ, ಇಲ್ಲಾ ಮುಂದ ವಿಮಾನ ಸಾಲು ಹಚ್ಚಿದ್ರ, ಇಳಿಯಾಕ ಬಿಡಂಗಿಲ್ಲ. ಒಂದು ಗುರುತು ಹೇಳಿ, ಅಲ್ಲೇ ಸುತ್ತು ಹೊಡೀತ ಇರ್ರಿ ಅಂತಾರ. ಸುತ್ತು ದುಂಡಗ ಅಲ್ಲ, ಓಟದ ಮೈದಾನದಂಗ ಉದ್ದಕ. 14,000 ಅಡಿ ತನಕ ಗುರುತಿನಿಂದ ಆಚೆ ಹೋಗೋದು ಒಂದು ನಿಮಿಷ, ಅದಕ್ಕೂ ಮ್ಯಾಲಾದ್ರ ಒಂದೂವರೆ. ಬ್ಯಾರೆ ಹೇಳಲಿಲ್ಲಂದ್ರ ತಿರುಗೋದು ಬಲಕ್ಕ, ನಾವು ತುಳಸಿ ಕಟ್ಟಿ ಸುತ್ತಿದಂಗ. ಆದ್ರ ಯಾವ ದಿಕ್ಕಿನಿಂದ ಬಂದ್ರ ಹ್ಯಾಂಗ ಆ ಸುತ್ತಿನಾಗ ಸೇರಬೇಕು ಅನ್ನೋದ ಕಷ್ಟ. ಮೂರು ದಾರಿ ಅದಾವ: ಡೈರೆಕ್ಟ್, ಪ್ಯಾರಲಲ್, ಟಿಯರ್‌ಡ್ರಾಪ್.

ರಾತ್ರಿ ನಾ ರೊಟ್ಟಿ ಬಡಿಯೋ ಮುಂದ ಬಂದು ಅತ್ಲು. "ಅವ್ವಾ, ಕೂಡಿಸಿ ಕಳದು ತಲಿ ತಿರಗಾಕತ್ತದ." ನಾ ಪಿಯುಸಿಗೆ ಓದು ಬಿಟ್ಟಾಕಿ, ಏನ್ ಹೇಳ್ಲಿ? "ಲೆಕ್ಕ ಬ್ಯಾಡ, ಹೆಂಗ ಕಾಣ್ತದ ತೋರ್ಸು" ಅಂದೆ. ಬಂಡಿ ಮ್ಯಾಲ ಸೀಮೆಸುಣ್ಣದಿಂದ ದುಂಡಗ ಬರದು ಉತ್ತರಕ್ಕ 360, ಮೂಡಲಕ್ಕ 90, ದಕ್ಷಿಣಕ್ಕ 180, ಪಡುವಲಕ್ಕ 270 ಹಾಕಿದ್ಲು. ಮೂರು ದಾರಿಗೆ 180, 110, 70 ಡಿಗ್ರಿ ಪಾಲು ಅಂದ್ಲು. ಅಂದ್ರ ಒಂದು ಅರ್ಧ, ಉಳಿದ ಅರ್ಧದಾಗ ಒಂದು ದೊಡ್ಡ ತುಂಡು, ಒಂದು ಸಣ್ಣದು. ರೊಟ್ಟಿ ಹರಿದಂಗ ಆತಲ್ಲ!

ಒಂದು ಜ್ವಾಳದ ರೊಟ್ಟಿ ಹಂಗ ಹರಿದು ನಡುವ ಇಟ್ಟೆ. ವಿಮಾನದ ಮೂತಿ ಇದ್ದ ಕಡೆ ತುಂಡಿನ ನಡುವಿನ ಗೆರಿ. ಗೆರಿ ಬಲಕ್ಕ 70ರ ಸಣ್ಣ ತುಂಡು, ಅದು ಟಿಯರ್‌ಡ್ರಾಪ್. ಎಡಕ್ಕ 110, ಪ್ಯಾರಲಲ್. ಹಿಂದಿನ ಅರ್ಧ ಡೈರೆಕ್ಟ್. ಗುರುತಿನಿಂದ ಆಚೆ ಹೋಗೋ ದಿಕ್ಕಿನ ಅಂಕಿ ಯಾವ ತುಂಡಿನ ಮುಂದ ಬೀಳ್ತದೋ ಅದ ಉತ್ತರ. ಪುಸ್ತಕದ ಚಿತ್ರಕ್ಕ ತಾಳೆ ನೋಡಿದ್ವಿ, ಕೂಡ್ತು.

ಆಚೆ ಹೋಗೋದು 180ಕ್ಕ ಅಂತ ಇಟ್ಕೊಂಡ್ವಿ. ಮೂತಿ 140ಕ್ಕ ಇದ್ರ 180 ಬಲಕ್ಕ 40 ದೂರ: ಟಿಯರ್‌ಡ್ರಾಪ್. 220ಕ್ಕ ಇದ್ರ ಎಡಕ್ಕ 40: ಪ್ಯಾರಲಲ್. 20ಕ್ಕ ಇದ್ರ 180 ಹಿಂದ ಬೀಳ್ತದ: ಡೈರೆಕ್ಟ್. "ಎಡಕ್ಕ ತಿರುಗೋ ಸುತ್ತು ಕೊಟ್ರ?" ಅಂದೆ. ಆಕಿ ನಕ್ಕು, "ರೊಟ್ಟಿ ಮಗಚಿ ಹಾಕೋದು ಅವ್ವಾ" ಅಂದ್ಲು. ಎಷ್ಟೋ ದಿನದ ಮ್ಯಾಲ ಆಕಿ ನಕ್ಕಿದ್ದು ಕೇಳಿದೆ.

ಆಕಿ ಅಪ್ಪ ಬಾಗಿಲದಾಗ ನಿಂತು ನೋಡಾಕತ್ತಿದ್ರು. ಒಳಗ ಬಂದು ಕುಂತು, ಆ ಮೂರೂ ತುಂಡು ಶೇಂಗಾ ಚಟ್ನಿ ಹಚ್ಚಿ ತಿಂದುಬಿಟ್ರು. ಆಮ್ಯಾಲ, "ಮೂತಿ 300ಕ್ಕ ಇದ್ರ?" ಅಂದ್ರು. ಆಕಿ ಕಣ್ಣು ಮುಚ್ಚಿ ಕೈ ತಿರುಗಿಸಿದ್ಲು. "ಎಡಕ್ಕ 120. 110 ದಾಟಿತು. ಡೈರೆಕ್ಟ್, ಅಪ್ಪಾ."

ಪರೀಕ್ಷೆ ಬರದು ಬಂದಾಳ, ರಿಸಲ್ಟ್ ಇನ್ನೂ ಬಂದಿಲ್ಲ. ನಿನ್ನೆ ಮುಂಜಾನೆ ಇವರು ಆ ಹೊಲದ ಕಡೆ ಒಂದ್ ಸುತ್ತು ಹೋಗಿ ಬಂದ್ರು.