ಕಾಚಿಗುಡದ ಕನ್ನಡ

ಹೈದರಾಬಾದಿನ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ. ಬೀದರ್, ಕಲಬುರಗಿ, ರಾಯಚೂರು ನಿಜಾಮನ ಆಳ್ವಿಕೆಯಲ್ಲಿದ್ದಾಗ ಆ ಕಡೆಯವರಿಗೆ ಇದೇ ರಾಜಧಾನಿ. ಉಸ್ಮಾನಿಯಾದಲ್ಲಿ ಪಾಠ ಉರ್ದುವಿನಲ್ಲಿ. ಕನ್ನಡಕ್ಕೆ ಬೇರೆ ಜಾಗ ಬೇಕಿತ್ತು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಇಲ್ಲೇ ಉಳಿದವರು ಕೂತಲ್ಲೇ ಹೊರನಾಡ ಕನ್ನಡಿಗರಾದರು.

ಹಳೆಯ ಸಂಘಗಳಿಗೆ ಹೊಸ ಜೀವ ಕೊಡುವ ಮಾತು ಬಂದಾಗ ಸುಣ್ಣಬಣ್ಣ, ಮೈಕು, ವಾಟ್ಸಾಪ್ ಗುಂಪು ಮೊದಲು ನೆನಪಾಗುತ್ತವೆ. ಆದರೆ ಈಚೆಗೆ ಕೆಲಸಕ್ಕೆಂದು ಬಂದ ಎಷ್ಟೋ ಕನ್ನಡಿಗರು ಊರಿನ ಇನ್ನೊಂದು ತುದಿಯ ಮಾಧಾಪುರ, ಗಚ್ಚಿಬೌಲಿಗಳಲ್ಲಿದ್ದಾರೆ. ಮನೆಯಲ್ಲಿ ಕನ್ನಡ ಆಡುವ ಅವರ ಮಕ್ಕಳಲ್ಲಿ ಹಲವರಿಗೆ ಅದನ್ನು ಓದಲು ಬಾರದು. ರಾಜ್ಯೋತ್ಸವದ ಭಾಷಣದಿಂದ ಅಕ್ಷರ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಅವರ ಅಪಾರ್ಟ್‌ಮೆಂಟಿಗೇ ಹೋಗಿ ಕಲಿಸುವವರೊಬ್ಬರು ಸಿಕ್ಕರೆ, ಇಪ್ಪತ್ತು ವರ್ಷದ ಮೇಲೆ ಕಾಚಿಗುಡಕ್ಕೆ ಪುಸ್ತಕ ಹುಡುಕಿಕೊಂಡು ಯಾರಾದರೂ ಬಂದಾರು.