ಒಂದು ಕೊಕ್ಕೆ, ಒಂದು ಕುಣಿಕೆ

ಕ್ರೋಶಾ ಹೆಣಿಗೆಗೆ ಬೇಕಾದದ್ದು ತುದಿಯಲ್ಲಿ ಕೊಕ್ಕೆಯಿರುವ ಒಂದು ಸೂಜಿ ಮತ್ತು ಒಂದು ನೂಲಿನ ಉಂಡೆ. ನೂಲಿಗೆ ಜಾರುಗಂಟು ಹಾಕಿ, ಆ ಕುಣಿಕೆಯೊಳಗಿಂದ ನೂಲನ್ನು ಎಳೆದರೆ ಇನ್ನೊಂದು ಕುಣಿಕೆ, ಅದರೊಳಗಿಂದ ಮತ್ತೊಂದು. ಹೀಗೆ ಸರಪಳಿ ಬೆಳೆಯುತ್ತದೆ. ಸರಪಳಿಯ ಮೇಲೆ ಕುಣಿಕೆಗಳಿಂದಲೇ ಕಟ್ಟಿದ ಕಂಬಗಳು ನಿಲ್ಲುತ್ತವೆ, ಕಂಬಗಳ ಮೇಲೆ ಮುಂದಿನ ಸಾಲು. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ತೆರೆದೇ ಇರುತ್ತವೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ತೆರೆದಿರುವುದು ಒಂದೇ ಕುಣಿಕೆ. ಆದ್ದರಿಂದ ಕೆಲಸವನ್ನು ಯಾವ ಕ್ಷಣದಲ್ಲಾದರೂ ಯಾವ ದಿಕ್ಕಿಗಾದರೂ ತಿರುಗಿಸಬಹುದು: ಸುತ್ತು, ಚೌಕ, ಎಲೆ, ಕೊಳವೆ, ಗೋಲ. ಹೊಸ ವಿನ್ಯಾಸ ಮಾಡಬಯಸುವವರಿಗೆ ಇಷ್ಟು ಸ್ವಾತಂತ್ರ್ಯ ಕೊಡುವ ನೂಲಿನ ಕಲೆ ಬೇರೆ ಇಲ್ಲವೆನ್ನಬೇಕು.

ಆದರೆ ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ ಬಟ್ಟೆಯೆಂದರೆ ಮಗ್ಗದ ಮಾತು. 1877ರಲ್ಲಿ, ಈಗ ‘ಹಳೆಯ ಗಿರಣಿ’ ಎಂದೇ ಹೆಸರಾದ ಗಿರಣಿ ಶುರುವಾದ ಮೇಲೆ ಊರು ಗಿರಣಿಗಳ ಊರಾಯಿತು. ತೆಲಂಗಾಣದಿಂದ ಬಂದ ಪದ್ಮಶಾಲಿ ನೇಕಾರರು ಊರಿನ ಪೂರ್ವ ಭಾಗದಲ್ಲಿ ನೆಲೆಸಿ ಚಾದರವನ್ನೂ ಟವೆಲನ್ನೂ ದೇಶಕ್ಕೆಲ್ಲ ಪರಿಚಯಿಸಿದರು. ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂತು, ಜಕಾರ್ಡ್ ಬಂತು, ಈಗ ಕಂಪ್ಯೂಟರ್ ನಕ್ಷೆಯೂ ಬಂದಿದೆ. ಇಷ್ಟೆಲ್ಲ ಬಂದರೂ ಕ್ರೋಶಾ ಮಾತ್ರ ಕೈಯಲ್ಲೇ ಉಳಿದಿದೆ. ಕಾರ್ಖಾನೆಗಳಲ್ಲಿ ‘ಕ್ರೋಶಾ ಯಂತ್ರ’ ಎನ್ನುವುದು ವಾಸ್ತವದಲ್ಲಿ ಬೇರೆ ಜಾತಿಯ ಹೆಣಿಗೆ ಯಂತ್ರ. ಅದು ಜಾಲರಿಯಂಥ ಲೇಸನ್ನು ಕೊಡುತ್ತದೆ, ಆದರೆ ಕಂಬದ ಮೇಲೆ ಕಂಬ ನಿಲ್ಲಿಸುವುದಿಲ್ಲ. ನಿಜವಾದ ಕ್ರೋಶಾ ಹಾಕುವ ಯಂತ್ರ ಇನ್ನೂ ಮಾರುಕಟ್ಟೆಯ ಮಟ್ಟಕ್ಕೆ ಬಂದಿಲ್ಲ. ಎಲ್ಲಿ ಅಸಲಿ ಕ್ರೋಶಾ ಕಂಡರೂ ಅದನ್ನು ಒಬ್ಬರು ಕೂತು ಕೈಯಿಂದ ಹಾಕಿದ್ದಾರೆಂದೇ ತಿಳಿಯಬೇಕು.

ಸೊಲ್ಲಾಪುರ, ನೆರೆಯ ಅಕ್ಕಲಕೋಟೆಗಳ ಕನ್ನಡ ಮನೆಗಳಲ್ಲಿ ಈ ಹೆಣಿಗೆಗೆ ಹಳೆಯ ಜಾಗಗಳಿವೆ. ಬಾಗಿಲಿಗೆ ತೋರಣ, ದೇವರ ಮುಂದಿನ ತಾಟಿಗೆ ರುಮಾಲು, ಹಾಲಿನ ಪಾತ್ರೆಗೆ ಅಂಚಿನಲ್ಲಿ ಮಣಿ ಕಟ್ಟಿದ ಮುಚ್ಚುಬಟ್ಟೆ, ಕೂಸಿಗೆ ಕುಲಾವಿ, ಮುಸ್ಲಿಂ ಮನೆಗಳಲ್ಲಿ ನಮಾಜಿನ ಜಾಳಿ ಟೋಪಿ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಜೋಡಿಸಿಡುವ ರುಖವತದಲ್ಲಿ ಮದುಮಗಳ ಕೈಕೆಲಸ ಎಲ್ಲರ ಕಣ್ಣಿಗೆ ಬೀಳುತ್ತದೆ. ಈ ಸಾಮಾನುಗಳ ಮಾದರಿ ಕೈಯಿಂದ ಕೈಗೆ ದಾಟಿ ಬಂದದ್ದು. ಹೊಸದನ್ನು ಕಟ್ಟುವವರು ಮೊದಲು ಈ ಹಳೆಯ ಮಾದರಿಗಳನ್ನು ಬಿಚ್ಚಿ, ಎಣಿಸಿ, ಮತ್ತೆ ಹಾಕಿ ನೋಡಬೇಕು. ಅದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ನೂಲಿನ ವಿಷಯದಲ್ಲಿ ಸೊಲ್ಲಾಪುರದವರು ಅದೃಷ್ಟವಂತರು. ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆ ಕಾರ್ಖಾನೆಗಳೇ ತುಂಬಿವೆ, ಅವುಗಳಿಗೆ ಬರುವ ಹತ್ತಿ ನೂಲಿನ ಕೋನು ಊರಲ್ಲೇ ಸಿಗುತ್ತದೆ. ನೂಲಿನ ನಂಬರು ಏರಿದಷ್ಟೂ ಎಳೆ ಸಣ್ಣದು. ಒಂದು ಪೌಂಡು ಹತ್ತಿಯಲ್ಲಿ 840 ಗಜದ ಎಷ್ಟು ಲಡಿ ಬರುತ್ತವೆಯೋ ಅದೇ ಅದರ ನಂಬರು. ಮಗ್ಗದ ಒಂಟಿ ಎಳೆ ಕ್ರೋಶಾಕ್ಕೆ ತೀರ ಸಣ್ಣದು, ಹಲವು ಎಳೆ ಕೂಡಿಸಿ ಹುರಿ ಮಾಡಿಕೊಳ್ಳಬೇಕು. ಹುರಿ ಸಡಿಲಾದರೆ ಕೊಕ್ಕೆ ಎಳೆಯನ್ನು ಸೀಳುತ್ತದೆ. ತೋರಣದಂಥ ನಯದ ಕೆಲಸಕ್ಕೆ ಹೊಳಪಿನ ಮರ್ಸರೈಸ್ ಮಾಡಿದ ದಾರವೇ ಸರಿ. ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದುವ ಈ ಉಪಾಯವನ್ನು 1844ರಲ್ಲಿ ಕಂಡುಹಿಡಿದ ಜಾನ್ ಮರ್ಸರ್‌ನ ಹೆಸರೇ ಅದಕ್ಕೆ ಉಳಿದಿದೆ. ಲುಧಿಯಾನಾದ ಅಕ್ರಿಲಿಕ್ ಉಲ್ಲನ್ ಅಗ್ಗ, ಬಣ್ಣವೂ ಬಹಳ. ಆದರೆ ಬಿಸಿ ಪಾತ್ರೆ ಇಡುವ ಸಿಂಬಿಗೆ ಅದನ್ನು ಬಳಸಬಾರದು, ಕಾವಿಗೆ ಕರಗುತ್ತದೆ. ಅಡುಗೆಮನೆಗೆ ಹೋಗುವುದೆಲ್ಲ ಹತ್ತಿಯಲ್ಲೇ ಆಗಬೇಕು.

ವಿನ್ಯಾಸದ ಬುಡದಲ್ಲಿರುವುದು ಲೆಕ್ಕ. ದುಂಡನೆಯ ಚಪ್ಪಟೆ ಚಾಪೆ ಹಾಕುವಾಗ ಗಿಡ್ಡ ಕಂಬವಾದರೆ ಮೊದಲ ಸುತ್ತಿಗೆ 6, ಆಮೇಲೆ ಪ್ರತಿ ಸುತ್ತಿಗೂ 6 ಹೆಚ್ಚು. ಉದ್ದ ಕಂಬವಾದರೆ 12. ಹೆಣೆಯುವವರೆಲ್ಲ ಇದನ್ನು ಬಾಯಿಪಾಠವಾಗಿ ಬಲ್ಲರು. ಕಾರಣ ಸರಳವಾಗಿದೆ, ಸೊಗಸಾಗಿಯೂ ಇದೆ. ವೃತ್ತದ ತ್ರಿಜ್ಯ ಒಂದು ಅಳತೆ ಬೆಳೆದರೆ ಪರಿಧಿ ಆರು ಅಳತೆಗಿಂತ ಸ್ವಲ್ಪ ಹೆಚ್ಚು, ಅಂದರೆ 6.28ರಷ್ಟು ಬೆಳೆಯುತ್ತದೆ. ಗಿಡ್ಡ ಕಂಬದ ಎತ್ತರ, ಅಗಲ ಹೆಚ್ಚುಕಡಿಮೆ ಒಂದೇ, ಹಾಗಾಗಿ 6. ಉದ್ದ ಕಂಬ ಅಗಲದ ಎರಡರಷ್ಟು ಎತ್ತರ, ಹಾಗಾಗಿ 12. ಇದಕ್ಕಿಂತ ಕಡಿಮೆ ಏರಿಸಿದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ, ಪೂರ್ತಿ ನಿಲ್ಲಿಸಿದರೆ ಗೋಡೆ ನೆಟ್ಟಗೆ ನಿಂತು ಬುಟ್ಟಿಯಾಗುತ್ತದೆ. ಅತಿಯಾಗಿ ಏರಿಸಿದರೆ ಅಂಚು ನೆರಿಗೆ ನೆರಿಗೆಯಾಗಿ ಸುರುಳಿಗೊಳ್ಳುತ್ತದೆ. ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇದೇ ನೆರಿಗೆಯನ್ನು ಹಿಡಿದು, ಹೈಪರ್ಬೋಲಿಕ್ ಜ್ಯಾಮಿತಿಯ ಗಟ್ಟಿ ಮಾದರಿಯನ್ನು ಕ್ರೋಶಾದಲ್ಲಿ ಹಾಕಿ ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಕುಲಾವಿಯ ಅಂಚಿಗೆ ಝಾಲರಿ ಹಾಕುವ ಅಜ್ಜಿಯ ಕೈಗೆ ಆ ಜ್ಯಾಮಿತಿ ಮೊದಲೇ ಗೊತ್ತಿತ್ತು.

ಈ ಲೆಕ್ಕದಿಂದ ಊರಿಗೆ ಒಪ್ಪುವ ಹೊಸ ಸಾಮಾನು ಹೇಗೆ ಹುಟ್ಟುತ್ತದೆಂಬುದಕ್ಕೆ ರೊಟ್ಟಿ ಬುಟ್ಟಿ ಒಳ್ಳೆಯ ಉದಾಹರಣೆ. ಜೋಳದ ಖಡಕ ರೊಟ್ಟಿ ತೆಳ್ಳಗೆ, ಅಗಲವಾಗಿ ಇರುತ್ತದೆ, ಇಕ್ಕಟ್ಟಾದರೆ ಮುರಿಯುತ್ತದೆ. ಹನ್ನೆರಡು ಇಂಚಿನ ತಳ ಬೇಕೆಂದರೆ ತ್ರಿಜ್ಯ ಆರು ಇಂಚು. ದಪ್ಪ ಹತ್ತಿ ಹುರಿಯಲ್ಲಿ ಇಂಚಿಗೆ ನಾಲ್ಕು ಸುತ್ತು ಬಂದರೆ ಒಟ್ಟು 24 ಸುತ್ತು, ಕೊನೆಯ ಸುತ್ತಿನಲ್ಲಿ 144 ಕಂಬ. ಅಲ್ಲಿಂದ ಏರಿಸುವುದನ್ನು ನಿಲ್ಲಿಸಿ ಆರೇಳು ಇಂಚು ಗೋಡೆ. ಬಿಗಿಯಾಗಿ ಹಾಕಿದ ತಳ ರೊಟ್ಟಿಯ ಭಾರ ತಡೆಯುತ್ತದೆ, ಗೋಡೆಯಲ್ಲಿ ಅಲ್ಲಲ್ಲಿ ಜಾಳಿ ಬಿಟ್ಟರೆ ಗಾಳಿಯಾಡುತ್ತದೆ. ಹತ್ತಿ ತೊಳೆದಾಗ ಕುಗ್ಗುವುದರಿಂದ ಮೊದಲೇ ಒಂದು ಅಂಗೈಯಗಲದ ತುಣುಕು ಹೆಣೆದು, ತೊಳೆದು ಒಣಗಿಸಿ, ಇಂಚಿಗೆಷ್ಟು ಎಂದು ಅಳೆಯಬೇಕು. ಇದನ್ನು ಬಿಟ್ಟವರ ಬುಟ್ಟಿ ಮೊದಲ ಒಗೆತಕ್ಕೇ ಚಿಕ್ಕದಾಗುತ್ತದೆ.

ತೋರಣದ ಲೆಕ್ಕ ಬೇರೆ. ಅದು ಚೌಕದ ಕೆಲಸ: ಒಂದು ಕಂಬ, ಎರಡು ಸರಪಳಿ, ಮತ್ತೆ ಕಂಬ ಎಂದರೆ ಖಾಲಿ ಚೌಕ. ಸರಪಳಿಯ ಜಾಗದಲ್ಲಿ ಕಂಬ ತುಂಬಿದರೆ ತುಂಬಿದ ಚೌಕ. ಗ್ರಾಫ್ ಕಾಗದದ ಮೇಲೆ ನವಿಲು, ಗಿಳಿ, ಕಳಸ ಬರೆದುಕೊಂಡರೆ ಅದೇ ನಕ್ಷೆ. ಬಾಗಿಲು ಮೂರೂವರೆ ಅಡಿ ಇದ್ದು ಇಂಚಿಗೆ ನಾಲ್ಕು ಚೌಕ ಬಂದರೆ 168 ಚೌಕ, ಅಡಿಪಾಯಕ್ಕೆ 505 ಸರಪಳಿ, ಮೇಲೆ ತಿರುವಿನವು. ಬಹಳ ತೋರಣಗಳಲ್ಲಿ ದೇವನಾಗರಿ ಲಿಪಿಯ ‘ಸುಸ್ವಾಗತಮ್’ ಕಾಣುತ್ತದೆ, ಅದಕ್ಕೆ ತಾಂತ್ರಿಕ ಕಾರಣವೂ ಉಂಟು. ದೇವನಾಗರಿಯ ನೇರ ತಲೆಗೆರೆ, ನೆಟ್ಟನೆ ಗೆರೆ ಚೌಕದ ಮೇಲೆ ಸಲೀಸಾಗಿ ಕೂರುತ್ತವೆ. ಕನ್ನಡ ಅಕ್ಷರ ದುಂಡು. ಚೌಕದಲ್ಲಿ ದುಂಡು ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಂಚು. ಒಂದೊಂದು ಅಕ್ಷರಕ್ಕೂ ಹೆಚ್ಚು ಚೌಕ ಬೇಕು, ಒಳಗಿನ ಹೊಟ್ಟೆ ತುಂಬಿಹೋಗದಂತೆ ಗೆರೆಗೂ ಗೆರೆಗೂ ನಡುವೆ ಒಂದಾದರೂ ಖಾಲಿ ಚೌಕ ಬಿಡಬೇಕು, ‘ಸ್ವಾ’ದ ಒತ್ತಿಗೆ ಕೆಳಗೆ ಏಳೆಂಟು ಸಾಲು ಮೀಸಲಿಡಬೇಕು. ಇದಕ್ಕೆ ಹೆದರಿ ಕನ್ನಡ ಬಿಡಬೇಕಾಗಿಲ್ಲ. ಶರಣ ಸಿದ್ಧರಾಮನ ಊರಾದ ಸೊಲ್ಲಾಪುರದ ಬಾಗಿಲಿಗೆ ‘ಶರಣು’ ಎಂಬ ಮಾತಿಗಿಂತ ಹೆಚ್ಚು ಹೊಂದುವುದು ಯಾವುದಿದೆ? ಮೂರೇ ಅಕ್ಷರ, ಒತ್ತಿಲ್ಲ, ದೊಡ್ಡದಾಗಿ ಬಿಡಿಸಲು ಜಾಗ ಧಾರಾಳ. ಕಂಬ ಗಿಡ್ಡವಾಗಿ ಅಕ್ಷರ ಅಡ್ಡಡ್ಡ ಉಬ್ಬಿದರೆ ಚೌಕದ ಎರಡು ಸರಪಳಿಯನ್ನು ಒಂದಕ್ಕಿಳಿಸಿ ನೋಡಬೇಕು, ಇಲ್ಲವೆ ಕಂಬಕ್ಕೆ ಒಂದು ಸುತ್ತು ಹೆಚ್ಚು ಕೊಡಬೇಕು.

ನಕ್ಷೆಗೆ ಬೇಕಾದ ಸರಕು ಸೊಲ್ಲಾಪುರ, ಅಕ್ಕಲಕೋಟೆಗಳ ಜನರ ಕಣ್ಣೆದುರಿಗೇ ಇದೆ. ಸಂಕ್ರಾಂತಿಗೆ ನಡೆಯುವ ಸಿದ್ಧರಾಮನ ಗಡ್ಡಾ ಜಾತ್ರೆಯಲ್ಲಿ ಮೆರವಣಿಗೆ ಹೋಗುವ ಏಳು ನಂದಿಧ್ವಜಗಳ ಉದ್ದ ಕಾಠಿ ಮತ್ತು ಬಾಸಿಂಗ, ಚಾದರದ ಮೇಲಿನ ಜಕಾರ್ಡ್ ಹೂವು, ಇಳಕಲ್ಲ ಸೀರೆಯ ತೋಪು ತೆನೆ ಸೆರಗು, ಬಿಳಿ ಜೋಳದ ತೆನೆ. ಸೆರಗಿನ ತೋಪು ತೆನೆಯಂತೂ ಚೌಕಕ್ಕೆ ಹೇಳಿ ಮಾಡಿಸಿದ ಆಕಾರ, ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತದೆ. ಹೊರಗಿನ ವಿಡಿಯೋ ನೋಡಿ ಹಾಕಿದ ಸೂರ್ಯಕಾಂತಿ ಎಲ್ಲ ಊರಲ್ಲೂ ಸಿಗುತ್ತದೆ, ಈ ನಕ್ಷೆಗಳು ಸಿಗುವುದಿಲ್ಲ.

ತೊಡುವ, ಹಿಡಿಯುವ ವಸ್ತುಗಳಲ್ಲಿ ಈಗ ಹೆಚ್ಚು ಗಿರಾಕಿ ಸೀರೆಯ ಕುಚ್ಚಿಗೆ. ಸಣ್ಣ ಸೂಜಿಯಿಂದ ಸೆರಗಿನ ಅಂಚನ್ನೇ ಚುಚ್ಚಿ, ರೇಷ್ಮೆ ದಾರದಲ್ಲಿ ಸರಪಳಿ, ಕಂಬ, ನಡುನಡುವೆ ಮಣಿ ಹಾಕಿ, ಕೊನೆಗೆ ಕುಚ್ಚು ಇಳಿಬಿಡುತ್ತಾರೆ. ಕೈಚೀಲಗಳಲ್ಲಿ ಸೋಲುವ ಜಾಗ ಹಿಡಿಕೆ. ಉದ್ದ ಕಂಬದ ಹಿಡಿಕೆ ಭಾರಕ್ಕೆ ಜಗ್ಗಿ ಮೊಳಕಾಲು ಮುಟ್ಟುತ್ತದೆ. ಹಿಡಿಕೆಯನ್ನು ಉದ್ದಕ್ಕೆ, ಗಿಡ್ಡ ಕಂಬದಲ್ಲಿ ಹಾಕಿ, ಒಳಗೆ ಹತ್ತಿ ಪಟ್ಟಿ ಹೊಲಿಯಬೇಕು. ಅಸ್ತರಕ್ಕೆ ಗುಳೇದಗುಡ್ಡದ ಖಣ ಇಟ್ಟರೆ ಜಾಳಿಯ ಹಿಂದಿನಿಂದ ಅದರ ಬಣ್ಣ ಇಣುಕುತ್ತದೆ. ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರಕ್ಕಾಗಿ ಪುಣೆ, ಮುಂಬಯಿಗಳಿಂದ ಭಕ್ತರು ಬರುತ್ತಾರೆ. ಜಪಮಾಲೆ ಇಡುವ ಗೋಮುಖಿ ಚೀಲ ಅಲ್ಲಿಗೆ ತಕ್ಕ ವಸ್ತು, 108 ಮಣಿ ಸಿಕ್ಕಿಕೊಳ್ಳದಂತೆ ಒಳಮೈ ಒತ್ತಾಗಿರಬೇಕು, ಅಷ್ಟೆ. ಯಾವುದೇ ಇರಲಿ, ಮುಗಿದ ಮೇಲೆ ಒದ್ದೆ ಮಾಡಿ, ಆಕಾರಕ್ಕೆ ಎಳೆದು, ಗುಂಡುಸೂಜಿ ಚುಚ್ಚಿ ಒಣಗಿಸದೆ ಕೈಬಿಡಬಾರದು. ಮೂಲೆ ಮೂಲೆಯಾಗುವುದು ಆಗಲೇ.

ಇನ್ನು ಬೆಲೆ. ಆಂಧ್ರದ ನರಸಾಪುರದಲ್ಲಿ ಸ್ಕಾಟಿಷ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಲಿಸಿದ ಕ್ರೋಶಾ ಲೇಸು ವಿದೇಶಕ್ಕೆ ಹೋಗುವ ವ್ಯಾಪಾರವಾಗಿ ಬೆಳೆಯಿತು, 2024ರಲ್ಲಿ ಭೌಗೋಳಿಕ ಗುರುತನ್ನೂ ಪಡೆಯಿತು. ಆದರೆ 1982ರಲ್ಲಿ ಪ್ರಕಟವಾದ ಮಾರಿಯಾ ಮೀಸ್ ಅವರ ಅಧ್ಯಯನ ತೋರಿಸಿದ್ದು ಬೇರೆ ಮುಖ. ಹೆಣೆಯುವ ಹೆಂಗಸರನ್ನು ಬಿಡುವಿನಲ್ಲಿ ಕೈಯಾಡಿಸುವ ಗೃಹಿಣಿಯರೆಂದು ಎಣಿಸಿ ಪುಡಿಗಾಸು ಕೊಡಲಾಗುತ್ತಿತ್ತು, ಲಾಭ ವ್ಯಾಪಾರಿಗಳದಾಗಿತ್ತು. ಸಾವಿರಕ್ಕಿಷ್ಟು ಎಂದು ಮನೆಯಲ್ಲೇ ಬೀಡಿ ಕಟ್ಟುವ ಸಾವಿರಾರು ಹೆಂಗಸರಿರುವ ಸೊಲ್ಲಾಪುರಕ್ಕೆ ಈ ಕಥೆ ಹೊಸದಲ್ಲ. ಒಂದು ತೋರಣಕ್ಕೆ 250 ರೂಪಾಯಿಯ ದಾರ, 30 ತಾಸು ಕೆಲಸ ಹಿಡಿಯಿತು ಎಂದಿಟ್ಟುಕೊಳ್ಳೋಣ. ಅದನ್ನು 500ಕ್ಕೆ ಮಾರಿದರೆ ತಾಸಿಗೆ ದಕ್ಕಿದ್ದು ಎಂಟು ರೂಪಾಯಿ ಚಿಲ್ಲರೆ. ತಾಸಿಗೆ 60 ಎಂದು ಹಿಡಿದರೂ ಅದರ ಬೆಲೆ 2,050 ಆಗಬೇಕು. ಅಷ್ಟು ಕೊಡುವವರು ಕಡಿಮೆ, ಆದರೂ ಇದ್ದಾರೆ. ಅವರಿಗಾಗಿ ತೋರಣ, ಉಳಿದವರಿಗಾಗಿ ಕಡಿಮೆ ತಾಸಿನಲ್ಲಿ ಮುಗಿಯುವ ವಸ್ತು: ಸಂಕ್ರಾಂತಿಯ ಅರಿಶಿನ ಕುಂಕುಮದಲ್ಲಿ ವಾಣವಾಗಿ ಹಂಚಲು ಪುಟ್ಟ ಸಂಚಿ, ದಪ್ಪ ಹುರಿಯ ಸಿಂಬಿ. ಬಚತ ಗಟದ, ಅಂದರೆ ಸ್ವಸಹಾಯ ಸಂಘದ, ಹೆಂಗಸರು ಕೂಡಿ ಮಾಡುವುದಾದರೆ ದರವನ್ನು ನಗಕ್ಕೆ ಕಟ್ಟುವ ಮೊದಲು ತಾಸನ್ನು ಬರೆದಿಡಬೇಕು.

ಮಾದರಿಯನ್ನೂ ಬರೆದಿಡಬೇಕು: ನೂಲಿನ ನಂಬರು, ಸೂಜಿಯ ಅಳತೆ, ಸುತ್ತು ಸುತ್ತಿನ ಎಣಿಕೆ. ಆರು ತಿಂಗಳ ಮೇಲೆ ಅದೇ ಬುಟ್ಟಿಗೆ ಬೇಡಿಕೆ ಬಂದಾಗ ಕೈಗೆ ನೆನಪಿರುವುದಿಲ್ಲ. ಪರಂಪರೆಯ ನವಿಲು ತೋರಣ ಎಲ್ಲರದು. ಸ್ವಂತ ವಿನ್ಯಾಸಕ್ಕಾದರೆ 2000ದ ವಿನ್ಯಾಸ ಕಾಯ್ದೆಯ ಕೆಳಗೆ ನೋಂದಣಿ ಪಡೆಯಬಹುದು, ರಕ್ಷಣೆ 10 ವರ್ಷ, ಆಮೇಲೆ ಇನ್ನೂ 5 ವರ್ಷ ಮುಂದುವರಿಸಬಹುದು. ವಿನ್ಯಾಸ ಹೊಸದಾಗಿರಬೇಕು, ಮೊದಲೇ ಎಲ್ಲೂ ಪ್ರಕಟವಾಗಿರಬಾರದು ಎಂಬುದು ಷರತ್ತು. ಆದ್ದರಿಂದ ಮೊಬೈಲಿನಲ್ಲಿ ಫೋಟೋ ಹಂಚುವುದು ಅರ್ಜಿ ಹಾಕಿದ ಮೇಲಿನ ಕೆಲಸ.